ಮೂಕಪ್ರಾಣಿಗಳ ಪಡಿ

ಮೃಗಾಲಯಕ್ಕೆ ಹೋಗಿಬಂದವರನ್ನು ಏನೇನು ನೋಡಿದಿರಿ ಎಂದು ಕೇಳಿದರೆ ಹುಲಿ, ಸಿಂಹ, ಜಿರಾಫೆ, ನೀರಾನೆ ಎಂದು ಬೆರಳು ಮಡಿಸಿ ಎಣಿಸುತ್ತಾರೆ. ಅಲ್ಲಿಯ ಅಡಿಗೆಮನೆಯನ್ನು ನೋಡಿದೆವೆಂದು ಹೇಳಿದವರನ್ನು ನಾನು ಇದುವರೆಗೆ ಕಂಡಿಲ್ಲ. ಇದು ಸಹಜವೇ. ಮದುವೆಮನೆಗೆ ಹೋದವರು ಹಸೆಯ ಮೇಲಿನ ವಧೂವರರನ್ನು ನೋಡಿ ಬರುತ್ತಾರಲ್ಲದೆ ಹಿತ್ತಲಿನ ಒಲೆಗಳ ಮುಂದೆ ಬೆವರುತ್ತಿರುವವರನ್ನು ವಿಚಾರಿಸುವುದಿಲ್ಲ. ಆದರೆ ಆ ಒಲೆಗಳು ಒಂದು ಹೊತ್ತು ಆರಿದರೆ ಗತಿಯೇನೆಂಬುದು ಹೆಣ್ಣಿನ ತಂದೆಗೆ ಗೊತ್ತು. ಮೃಗಾಲಯದಲ್ಲಿ ಆ ಮದುವೆ ವರ್ಷದ ಮುನ್ನೂರ ಅರವತ್ತೈದು ದಿನವೂ ನಡೆಯುತ್ತದೆ. ಬಂದ ಬೀಗರಲ್ಲಿ ಒಬ್ಬರ ಊಟ ಮತ್ತೊಬ್ಬರಿಗೆ ಆಗುವುದಿಲ್ಲ. ಬಡಿಸಿದ್ದು ಸರಿಯಿಲ್ಲವೆಂದು ಬಾಯಿಬಿಟ್ಟು ಹೇಳುವವರೂ ಅವರಲ್ಲಿಲ್ಲ. ಆ ಅಡಿಗೆಮನೆಯ ಪೂರ್ವೇತಿಹಾಸವನ್ನು ಕುರಿತು ಎರಡು ಮಾತು ಹೇಳಬೇಕೆಂಬುದು ಈ ಹೊತ್ತಿನ ಉದ್ದೇಶ.

ನಮ್ಮ ಭಾಷೆಯಲ್ಲಿ ಇದಕ್ಕೆ ಒಂದು ಒಳ್ಳೆಯ ಮಾತಿದೆ. ಅದು 'ಪಡಿ' ಎಂಬುದು. ದಿನಕ್ಕೆ ಇಷ್ಟೆಂದು ಗೊತ್ತುಮಾಡಿ ಉಗ್ರಾಣದಿಂದ ಅಳೆದು ಕೊಟ್ಟದ್ದು ಪಡಿ. ದೇವಸ್ಥಾನದ ನೈವೇದ್ಯಕ್ಕೂ ಲಾಯದ ಕುದುರೆಗೂ ಒಂದೇ ಮಾತು. ಕೊಡುವವನ ಮನಸ್ಸು ಬಂದಂತೆ ಕೊಟ್ಟದ್ದು ಪಡಿಯಲ್ಲ, ಅದು ಭಿಕ್ಷೆ. ಪಡಿಯಲ್ಲಿ ಪಡೆಯುವವನ ಹಕ್ಕು ಸೇರಿದೆ. ಪಡೆಯತಕ್ಕ ಪ್ರಾಣಿಗೆ ಬಾಯಿಲ್ಲವಾದುದರಿಂದ ಆ ಹಕ್ಕನ್ನು ಬರೆದಿಡಬೇಕಾಗುತ್ತದೆ. ಬರೆದಿಟ್ಟ ಕಾಗದವೇ ಪಡಿಯ ಚೀಟಿ.

ಆ ಚೀಟಿಯ ಬೆಲೆ ನನಗೆ ತಿಳಿದದ್ದು ಒಂದು ಮಳೆಗಾಲದ ಬೆಳಗ್ಗೆ. ಊರಿನ ಹೆಸರು ಇಲ್ಲಿ ಮುಖ್ಯವಲ್ಲ. ಒಂದು ಮೃಗಾಲಯದ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಒಳಗೆ ಉದ್ದನೆಯ ಕಲ್ಲಿನ ಮೇಜು. ಒಂದು ಕಡೆ ತಕ್ಕಡಿ. ಹೆಚ್ಚಿದ ಹಣ್ಣು, ಬೇಯಿಸಿದ ಗೆಣಸು, ಮೊಳಕೆ ಬಂದ ಕಾಳು, ಸೊಪ್ಪು ಇವುಗಳನ್ನು ತುಂಬಿದ ತಟ್ಟೆಗಳು ಸಾಲಾಗಿ ಹೊರಡಲು ಸಿದ್ಧವಾಗಿದ್ದವು. ಒಂದೊಂದು ತಟ್ಟೆಗೂ ಒಂದು ಚೀಟಿ. ಮಾಡು ಸೋರಿ ಎರಡು ಚೀಟಿಗಳ ಶಾಯಿ ಹರಡಿಹೋಗಿತ್ತು. ಎರಡು ತಟ್ಟೆಗಳೂ ಕಣ್ಣಿಗೆ ಒಂದೇ ಬಗೆ, ತೂಕವೂ ಹೆಚ್ಚು ಕಡಿಮೆ ಒಂದೇ. ತರುಣ ಸೇವಕನೊಬ್ಬನು "ಇದು ಅದಕ್ಕೇ ಇರಬೇಕು, ಕಳಿಸಿಬಿಡೋಣ" ಎಂದ. ಅಲ್ಲಿದ್ದ ಮುದುಕ ಸಮ್ಮತಿಸಲಿಲ್ಲ. ಎರಡು ತಟ್ಟೆಗಳನ್ನೂ ಹಿಂದಕ್ಕೆ ಸುರಿಸಿ, ಪುಸ್ತಕವನ್ನು ತೆಗೆಸಿ, ಮೊದಲಿನಿಂದ ತೂಗಿಸಿದ. ಆ ಎರಡು ಕೋತಿಗಳಲ್ಲಿ ಒಂದಕ್ಕೆ ಸಿಹಿಮೂತ್ರದ ರೋಗವಿತ್ತಂತೆ. ಅದು ತಾನಾಗಿ ಹಣ್ಣನ್ನು ಬೇಡವೆಂದು ಹೇಳುವ ಹಾಗಿಲ್ಲವಲ್ಲ! ಅರ್ಧ ಗಂಟೆ ತಡವಾದುದಕ್ಕಾಗಿ ಮುದುಕ ಮೇಲಿನವರಿಂದ ಮಾತು ಕೇಳಬೇಕಾಯಿತು. ಆತ ಏನನ್ನೂ ಹೇಳದೆ ಕೈ ತೊಳೆದುಕೊಂಡು ಹೋದ.

ಈ ಎಚ್ಚರಿಕೆ ನಿನ್ನೆ ಮೊನ್ನೆಯದೆಂದು ತಿಳಿಯಬಾರದು. ನಮ್ಮ ಮೈಸೂರಿಗೆ ಕೀರ್ತಿ ತಂದ ಒಂದು ಗ್ರಂಥದಲ್ಲಿಯೇ ಇದಕ್ಕೆ ಆಧಾರವಿದೆ. ಇಲ್ಲಿಯ ಪ್ರಾಚ್ಯ ಕೋಶಾಗಾರದಲ್ಲಿ ದೊರೆತ ತಾಳೆಯೋಲೆಯ ಪ್ರತಿಯಿಂದ ಪಂಡಿತ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚುಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ರಾಜ್ಯತಂತ್ರಕ್ಕೆ ಪ್ರಸಿದ್ಧವಾಗಿರುವುದೆಲ್ಲರಿಗೂ ತಿಳಿದದ್ದೇ. ಅದರಲ್ಲಿ ಅಶ್ವಾಧ್ಯಕ್ಷ ಹಸ್ತ್ಯಧ್ಯಕ್ಷರ ಪ್ರಕರಣಗಳನ್ನು ಓದುವವರು ಕಡಮೆ. ಅಲ್ಲಿ ಒಂದೊಂದು ಕುದುರೆಯ ಕುಲ, ವಯಸ್ಸು, ಬಣ್ಣ, ಗುರುತು, ಬಂದ ಸ್ಥಳ ಇಷ್ಟನ್ನೂ ಬರಹದಲ್ಲಿ ಇರಿಸಬೇಕೆಂದು ವಿಧಿಯಿದೆ. ಆನೆಗೆ ಅದರ ಎತ್ತರವನ್ನು ಅಳೆದು ಪಡಿಯನ್ನು ಗೊತ್ತುಮಾಡಿದೆ: ಅಕ್ಕಿ, ಎಣ್ಣೆ, ತುಪ್ಪ, ಉಪ್ಪು, ಹಸಿಹುಲ್ಲು, ಒಣಹುಲ್ಲು. ಇವುಗಳ ಜೊತೆಗೆ ಐವತ್ತು ಪಲ ಮಾಂಸವೂ ಇರುವುದನ್ನು ಕಂಡರೆ ಇಂದಿನ ಪಶುವೈದ್ಯರು ಹುಬ್ಬೇರಿಸಬಹುದು. ರಸವಿಲ್ಲದಿದ್ದರೆ ಎರಡರಷ್ಟು ಮೊಸರು, ಮದ್ಯವಿಲ್ಲದಿದ್ದರೆ ಎರಡರಷ್ಟು ಹಾಲು ಎಂದು ಒಂದಕ್ಕೆ ಬದಲು ಇನ್ನೊಂದನ್ನು ಹೇಳಿರುವುದು ಗಮನಿಸತಕ್ಕದ್ದು. ಮಾರುಕಟ್ಟೆಯಲ್ಲಿ ಪದಾರ್ಥ ಸಿಕ್ಕದ ದಿನ ಏನು ಮಾಡಬೇಕೆಂಬುದನ್ನು ಉಗ್ರಾಣದವನ ಬುದ್ಧಿಗೆ ಬಿಡದೆ ಗ್ರಂಥಕಾರನೇ ತೀರ್ಮಾನಿಸಿಬಿಟ್ಟಿದ್ದಾನೆ. ಲಾಯದ ದೀಪಕ್ಕೆ ಬೇಕಾದ ಎಣ್ಣೆಯನ್ನು ಸಹ ಆನೆಯ ಪಡಿಯ ಲೆಕ್ಕಕ್ಕೇ ಸೇರಿಸಿದೆ.

ಆನೆಯ ಪರಿಚಾರಕರ ಪಟ್ಟಿಯಲ್ಲಿ ವೈದ್ಯ, ಶಿಕ್ಷಕ, ಮಾವಟಿಗರ ಜೊತೆಗೆ 'ವಿಧಾಪಾಚಕ'ನೆಂಬ ಒಬ್ಬನಿದ್ದಾನೆ. ಆನೆಯ ಆಹಾರವನ್ನು ಬೇಯಿಸುವ ಅಡಿಗೆಯವನು ಆತ. ಹುಲ್ಲು ಒದಗಿಸುವವನು ಬೇರೆ. ಕೊಟ್ಟಿಗೆಯಲ್ಲಿ ಕೊಳಕು ಸೇರಿದರೆ, ಹುಲ್ಲು ಬಾರದೆಹೋದರೆ, ಆನೆಯನ್ನು ಬರಿಯ ನೆಲದಲ್ಲಿ ಮಲಗಿಸಿದರೆ ತಪ್ಪಿತಸ್ಥರಿಗೆ ದಂಡ. ಆ ದಂಡವನ್ನು ಅವರವರ ಸಂಬಳದಿಂದ ಮಾತ್ರವಲ್ಲ, ಅವರವರ ಊಟದ ಪಡಿಯಿಂದಲೂ ಹಿಡಿಯಬೇಕು. ಪ್ರಾಣಿಯ ಹೊಟ್ಟೆಗೆ ಕಡಮೆ ಮಾಡಿದವನ ಹೊಟ್ಟೆಗೂ ಕಡಮೆಯಾಗಲಿ ಎಂಬ ನ್ಯಾಯ. ಕೌಟಿಲ್ಯನಿಗೆ ಮನುಷ್ಯ ಸ್ವಭಾವದಲ್ಲಿ ಎಂದೂ ಹೆಚ್ಚು ನಂಬಿಕೆಯಿರಲಿಲ್ಲ.

ಹದಿನಾರನೆಯ ಶತಮಾನದ ಕೊನೆಗೆ ಬಂದರೆ ಅಕ್ಬರ್ ಚಕ್ರವರ್ತಿಯ ಮಂತ್ರಿ ಅಬುಲ್ ಫಜಲನು ಬರೆದ 'ಐನ್-ಇ-ಅಕ್ಬರಿ' ದೊರೆಯುತ್ತದೆ. ಹಿಂದೆ ಆನೆಗಳ ಆಹಾರದಲ್ಲಿ ಕ್ರಮವೆಂಬುದಿರಲಿಲ್ಲ, ಚಕ್ರವರ್ತಿಯು ಅವುಗಳನ್ನು ಏಳು ವರ್ಗಗಳಾಗಿ ವಿಂಗಡಿಸಿ ಪಡಿಯನ್ನು ಗೊತ್ತುಮಾಡಿದನು ಎಂದು ಆತ ಹೇಳುತ್ತಾನೆ. ಮೊದಲ ವರ್ಗದ ದೊಡ್ಡ ಆನೆಗೆ ದಿನಕ್ಕೆ ೨ ಮಣ ೨೪ ಸೇರು. ಅಲ್ಲಿಂದ ಕೆಳಕ್ಕೆ ಐದೈದು ಸೇರು ಇಳಿಯುತ್ತ ಹೋಗುತ್ತದೆ. ಚಕ್ರವರ್ತಿಯ ಖಾಸಾ ಆನೆಗಳ ಭಾಗ್ಯವೇ ಬೇರೆ. ಕೆಲವಕ್ಕೆ ಐದು ಸೇರು ಸಕ್ಕರೆ, ನಾಲ್ಕು ಸೇರು ತುಪ್ಪ, ಮೆಣಸು ಲವಂಗಗಳನ್ನು ಬೆರೆಸಿದ ಅರ್ಧ ಮಣ ಅಕ್ಕಿ; ಕಬ್ಬಿನ ಸುಗ್ಗಿಯಲ್ಲಿ ಎರಡು ತಿಂಗಳು ಒಂದೊಂದಕ್ಕೂ ದಿನಕ್ಕೆ ಮುನ್ನೂರು ಜಲ್ಲೆ ಕಬ್ಬು.

ಬೇಟೆಯ ಚಿರತೆಗಳ ಪಡಿ ಇನ್ನೂ ಸ್ವಾರಸ್ಯವಾಗಿದೆ. ನಮ್ಮ ದೇಶದಿಂದ ಆ ಜಾತಿಯೇ ಅಳಿದುಹೋಗಿ, ಈಚೆಗೆ ೨೦೨೨ರಲ್ಲಿ ಆಫ್ರಿಕದಿಂದ ತರಿಸಬೇಕಾಯಿತೆಂಬುದನ್ನು ನೆನೆದರೆ ಈ ಲೆಕ್ಕವನ್ನು ಓದುವಾಗ ಮನಸ್ಸಿಗೆ ಒಂದು ಬಗೆಯಾಗುತ್ತದೆ. ಅವುಗಳಲ್ಲಿ ಎಂಟು ವರ್ಗ. ಮೊದಲನೆಯದಕ್ಕೆ ದಿನಕ್ಕೆ ೫ ಸೇರು ಮಾಂಸ, ಎರಡನೆಯದಕ್ಕೆ ೪½, ಮೂರನೆಯದಕ್ಕೆ ೪; ಮುಂದೆ ಕಾಲು ಕಾಲು ಸೇರು ಕಡಮೆಯಾಗಿ ಎಂಟನೆಯದಕ್ಕೆ ೨¾ ಸೇರು. ಭಾನುವಾರ ರಾಜಾಜ್ಞೆಯಿಂದ ಪ್ರಾಣಿವಧೆಯಿಲ್ಲ. ಆದುದರಿಂದ ಶನಿವಾರವೇ ಎರಡರಷ್ಟು ಕೊಡತಕ್ಕದ್ದು. ವಾರದ ಒಂದು ದಿನ ಮಾಂಸಾಹಾರಿಗಳಿಗೆ ಉಪವಾಸವಿರಿಸುವ ಪದ್ಧತಿ ಈಗ ಅನೇಕ ಮೃಗಾಲಯಗಳಲ್ಲಿದೆ. ಕಾಡಿನಲ್ಲಿ ಹುಲಿಗೆ ಪ್ರತಿದಿನವೂ ಬೇಟೆ ಸಿಕ್ಕುವುದಿಲ್ಲವೆಂಬುದು ಅದಕ್ಕೆ ಹೇಳುವ ಕಾರಣ. ಅಕ್ಬರನ ಚಿರತೆಗಳು ಧರ್ಮದ ಕಾರಣದಿಂದ ಮಾಡಿದ್ದನ್ನು ಇಂದಿನ ಹುಲಿಗಳು ಆರೋಗ್ಯದ ಕಾರಣದಿಂದ ಮಾಡುತ್ತಿವೆ.

ಲೆಕ್ಕ ಬರೆದ ಮಾತ್ರಕ್ಕೆ ಅದು ಪ್ರಾಣಿಯ ಬಾಯಿಗೆ ಸೇರಿತೆಂದು ಅಕ್ಬರನು ನಂಬಿದವನಲ್ಲ. ಪ್ರಾಣಿಗಳ ಕೊಬ್ಬು ಕೃಶತೆಗಳನ್ನು ತಪಾಸಣೆಗಾರರು ಮೆಟ್ಟಿಲು ಮೆಟ್ಟಿಲಾಗಿ ನಿರ್ಣಯಿಸಿ, ಎಷ್ಟು ಬಡವಾಗಿದೆಯೋ ಅಷ್ಟಕ್ಕೆ ತಕ್ಕ ಹಾಗೆ ಸೇವಕರ ಸಂಬಳವನ್ನು ಹಿಡಿಯುವ ಏರ್ಪಾಟನ್ನು ಮಾಡಿದ್ದನು. ಮದವೇರಿಸುವ ಮದ್ದನ್ನು ಆಹಾರದಲ್ಲಿ ಬೆರೆಸಿ ಆನೆ ಸತ್ತರೆ ಅಂಥ ಮಾವಟಿಗನಿಗೆ ಮರಣದಂಡನೆಯೂ ಆಗಬಹುದಾಗಿತ್ತು. ಶಿಕ್ಷೆ ಘೋರವಾದುದು, ಇಂದಿನವರು ಒಪ್ಪತಕ್ಕದ್ದಲ್ಲ. ಆದರೆ ಚೀಟಿಯಲ್ಲಿ ಬರೆದದ್ದು ಸರಿಯಾಗಿ ಸಂದಿತೇ ಎಂಬುದಕ್ಕೆ ಪ್ರಾಣಿಯ ಮೈಯೇ ಸಾಕ್ಷಿಯೆಂಬ ತತ್ವ ಇಂದಿಗೂ ಕೆಟ್ಟಿಲ್ಲ. ದಸರೆಗಾಗಿ ಕಾಡಿನ ಶಿಬಿರಗಳಿಂದ ಮೈಸೂರಿಗೆ ಬರುವ ಆನೆಗಳನ್ನು ಊರು ಸೇರಿದೊಡನೆ ತೂಕದ ಸೇತುವೆಯ ಮೇಲೆ ನಿಲ್ಲಿಸುವುದನ್ನು ಅನೇಕರು ನೋಡಿದ್ದೀರಿ. ಆಮೇಲೆ ಅವುಗಳಿಗೆ ಬೇಯಿಸಿದ ಕಾಳು ಅಕ್ಕಿಗಳ ಉಂಡೆ, ಬತ್ತ ಬೆಲ್ಲ ಕಾಯಿ ಹಿಂಡಿಗಳನ್ನು ಹುಲ್ಲಿನಲ್ಲಿ ಸುತ್ತಿದ 'ಕುಸುರೆ', ಬೆಣ್ಣೆ, ತರಕಾರಿ, ಮತ್ತೆ ತೂಕ. ಅಬುಲ್ ಫಜಲನು ಬಂದು ನೋಡಿದ್ದರೆ ತೂಕದ ಯಂತ್ರ ಒಂದನ್ನು ಬಿಟ್ಟರೆ ಬೇರೆ ಯಾವುದಕ್ಕೂ ಆಶ್ಚರ್ಯಪಡುತ್ತಿರಲಿಲ್ಲ.

ಯೂರೋಪಿನ ಸಂಗತಿಯನ್ನು ನೋಡೋಣ. ಇಂಗ್ಲೆಂಡಿನ ಮೂರನೆಯ ಹೆನ್ರಿ ದೊರೆಗೆ ೧೨೫೨ರಲ್ಲಿ ನಾರ್ವೆಯಿಂದ ಒಂದು ಬಿಳಿಯ ಕರಡಿ ಕಾಣಿಕೆಯಾಗಿ ಬಂತು. ಅದಕ್ಕೆ ದಿನಕ್ಕೆ ನಾಲ್ಕು ಪೆನ್ನಿಗಳನ್ನು ಕೊಡಬೇಕೆಂದು ಲಂಡನ್ನಿನ ಷೆರೀಫರಿಗೆ ಆಜ್ಞೆಯಾಯಿತು. ಅಷ್ಟರಲ್ಲಿ ಅದರ ಹೊಟ್ಟೆ ತುಂಬಿತೋ ಇಲ್ಲವೋ, ಸ್ವಲ್ಪ ಕಾಲದಮೇಲೆ ಒಂದು ಉದ್ದವಾದ ಹಗ್ಗವನ್ನು ಕಟ್ಟಿ ಥೇಮ್ಸ್ ನದಿಗೆ ಬಿಟ್ಟು ತಾನೇ ಮೀನು ಹಿಡಿದುಕೊಳ್ಳುವಂತೆ ಮಾಡಿದರು. ಮುಂದೆ ಆರುನೂರು ವರ್ಷಗಳ ಕಾಲ ಅಲ್ಲಿಯ ಪ್ರಾಣಿಸಾಕಣೆ ಕುತೂಹಲದ ವಿಷಯವಾಗಿತ್ತೇ ಹೊರತು ಶಾಸ್ತ್ರವಾಗಲಿಲ್ಲ. ೧೮೨೮ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಮೃಗಾಲಯ ಆರಂಭವಾಯಿತು. ೧೮೫೦ರ ಮೇ ತಿಂಗಳಲ್ಲಿ ಒಬೈಷ್ ಎಂಬ ನೀರಾನೆಯ ಮರಿಯನ್ನು ಈಜಿಪ್ಟಿನಿಂದ ಅಲ್ಲಿಗೆ ತಂದಾಗ ಅದಕ್ಕೆ ಹಾಲು ಕೊಡುವುದಕ್ಕಾಗಿ ಹಸು ಮೇಕೆಗಳ ಒಂದು ಮಂದೆಯೇ ಪ್ರಯಾಣ ಮಾಡಬೇಕಾಯಿತು.

ಆ ಮೃಗಾಲಯದ ಸಿಂಹಗಳ ವೃತ್ತಾಂತವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಅಲ್ಲಿ ಸಿಂಹಿಣಿಗಳು ಮರಿ ಹಾಕುತ್ತಿದ್ದವು, ಮರಿಗಳು ಉಳಿಯುತ್ತಿರಲಿಲ್ಲ. ಹಾಲು ಬಿಡಿಸಿದ ಕೆಲವು ದಿನಗಳಲ್ಲಿ ಕಾಲುಗಳು ಡೊಂಕಾಗಿ, ಬೆನ್ನು ಬಾಗಿ, ಏಳಲಾರದೆ ಬಿದ್ದು ಸಾಯುತ್ತಿದ್ದವು. ಲಂಡನ್ನಿನ ಬಡವರ ಕೇರಿಗಳಲ್ಲಿ ಮಕ್ಕಳಿಗೆ ಬರುತ್ತಿದ್ದ ರಿಕೆಟ್ಸ್ ರೋಗವೇ ಇದು. ಸತ್ತ ಪ್ರಾಣಿಗಳನ್ನು ಕೊಯ್ದು ಪರೀಕ್ಷಿಸುತ್ತಿದ್ದ ಜಾನ್ ಬ್ಲಾಂಡ್-ಸಟನ್ ಎಂಬ ತರುಣ ಶಸ್ತ್ರವೈದ್ಯನಿಗೆ ಈ ವಿಷಯ ಬಂತು. ಆತ ಮದ್ದಿನ ಪೆಟ್ಟಿಗೆಯನ್ನು ತೆರೆಯಲಿಲ್ಲ. ಮರಿಗಳಿಗೆ ಏನನ್ನು ತಿನ್ನಿಸುತ್ತೀರಿ ಎಂದು ಕೇಳಿದ. ಅವುಗಳಿಗೆ ಸಿಕ್ಕುತ್ತಿದ್ದುದು ಕೊಬ್ಬಿಲ್ಲದ ಕುದುರೆಯ ಮಾಂಸ. ಮುದಿಕುದುರೆಯ ಎಲುಬು ಮರಿಯ ಹಲ್ಲಿಗೆ ಒಡೆಯುವಂತಹದಲ್ಲ. ಮೇಕೆಯ ಮಾಂಸವಾದರೆ ಎಳೆಯ ಎಲುಬನ್ನೂ ಅಗಿಯಬಹುದು. ಅದು ವಾರಕ್ಕೊಮ್ಮೆ ಮಾತ್ರ. ೧೮೮೯ರಲ್ಲಿ ಆತ ಹೇಳಿದ ಮಾರ್ಪಾಟು ಇಷ್ಟೇ: ಮಾಂಸವಿರಲಿ, ಅದರ ಜೊತೆಗೆ ಹಾಲು, ಪುಡಿಮಾಡಿದ ಎಲುಬು, ಕಾಡ್ ಮೀನಿನ ಎಣ್ಣೆ ಇವುಗಳನ್ನು ಕೊಡಿ. ಮೂರು ತಿಂಗಳಲ್ಲಿ ರೋಗದ ಗುರುತುಗಳು ಮಾಯವಾದವು. ಮರಿಗಳು ಬೆಳೆದು ಸಿಂಹಗಳಾದವು.

ಇದರಲ್ಲಿ ಆಶ್ಚರ್ಯವಾದುದೇನೆಂದರೆ ಕೊಟ್ಟವನಿಗೂ ಇದು ಏಕೆ ಫಲಿಸಿತೆಂಬುದು ಪೂರ್ತಿಯಾಗಿ ಗೊತ್ತಿರಲಿಲ್ಲ. ಮೆಲನ್‌ಬಿ ಎಂಬ ವಿದ್ವಾಂಸನು ನಾಯಿಮರಿಗಳ ಮೇಲೆ ಪ್ರಯೋಗ ಮಾಡಿ ಈ ರೋಗ ಆಹಾರದ ಕೊರತೆಯಿಂದ ಬರುತ್ತದೆಂದು ೧೯೧೯ರಲ್ಲಿ ತೋರಿಸಿದ. ವಿಟಮಿನ್ 'ಡಿ' ಎಂಬ ಹೆಸರು ಬಂದದ್ದು ಅದಕ್ಕೂ ಆಮೇಲೆ. ಇಷ್ಟರ ನಡುವೆ ಮೂವತ್ತು ವರ್ಷ ಕಳೆದಿದ್ದವು. ಆ ಮೂವತ್ತು ವರ್ಷ ಲಂಡನ್ನಿನ ಎಷ್ಟು ಮಕ್ಕಳು ಡೊಂಕುಕಾಲಿನಲ್ಲಿ ಬೆಳೆದರೋ! ಸಿಂಹದ ತಟ್ಟೆಯಲ್ಲಿ ಕಂಡ ಸಂಗತಿಯನ್ನು ಮಗುವಿನ ತಟ್ಟೆಗೆ ಕೊಂಡೊಯ್ಯುವುದಕ್ಕೆ ಮನುಷ್ಯರಿಗೆ ಅಷ್ಟು ಹೊತ್ತು ಹಿಡಿಯಿತು.

ಇದೇ ಕಾಲದಲ್ಲಿ, ೧೮೯೦ರ ಸುಮಾರಿಗೆ, ಜಾವಾ ದ್ವೀಪದ ಬಟೇವಿಯಾ ನಗರದಲ್ಲಿ ನಡೆದ ಇನ್ನೊಂದು ಅಡಿಗೆಮನೆಯ ಕಥೆಯನ್ನು ಬಿಡಲು ಮನಸ್ಸು ಬಾರದು. ಅದು ಮೃಗಾಲಯವಲ್ಲ, ಡಚ್ಚರ ಸೈನಿಕ ಆಸ್ಪತ್ರೆ. ಅಲ್ಲಿ ಬೆರಿಬೆರಿ ರೋಗವನ್ನು ಕುರಿತು ಪರಿಶೋಧನೆ ಮಾಡುತ್ತಿದ್ದ ಐಕ್ಮನ್ ಎಂಬ ವೈದ್ಯನ ಕೋಳಿಗಳಿಗೆ ಇದ್ದಕ್ಕಿದ್ದಂತೆ ಕಾಲು ಬಿದ್ದುಹೋಯಿತು. ಕೆಲವು ತಿಂಗಳ ಮೇಲೆ ಇದ್ದಕ್ಕಿದ್ದಂತೆಯೇ ವಾಸಿಯಾಯಿತು. ವಿಚಾರಿಸಲಾಗಿ ತಿಳಿದದ್ದು: ಆ ನಡುವೆ ಕೋಳಿಗಳಿಗೆ ಆಸ್ಪತ್ರೆಯ ಅಡಿಗೆಮನೆಯಲ್ಲಿ ಮಿಕ್ಕ ಬೆಳ್ಳನೆಯ ಅನ್ನವನ್ನು ಹಾಕುತ್ತಿದ್ದರು. ಆಮೇಲೆ ಬಂದ ಹೊಸ ಅಡಿಗೆಯವನು ಸೈನ್ಯದ ಅಕ್ಕಿಯನ್ನು ಸೈನ್ಯಕ್ಕೆ ಸೇರದ ಕೋಳಿಗಳಿಗೆ ಕೊಡಲೊಲ್ಲೆನೆಂದು ಹಟ ಹಿಡಿದ. ಕೋಳಿಗಳಿಗೆ ಮತ್ತೆ ತವುಡು ಹೋಗದ ಅಕ್ಕಿಯೇ ಗತಿಯಾಗಿ ಅವು ಬದುಕಿಕೊಂಡವು. ಐಕ್ಮನ್ನನಿಗೆ ೧೯೨೯ರಲ್ಲಿ ನೊಬೆಲ್ ಬಹುಮಾನ ಬಂತು. ಆ ಜುಗ್ಗ ಅಡಿಗೆಯವನ ಹೆಸರನ್ನು ಕೇಳಿದವರಿಲ್ಲ.

ಹೀಗೆ ಬಿಡಿಬಿಡಿಯಾಗಿ ದೊರೆತ ತಿಳಿವಳಿಕೆಯನ್ನು ಒಂದು ಶಾಸ್ತ್ರಕ್ಕೆ ತಂದ ಕೀರ್ತಿಯ ದೊಡ್ಡ ಪಾಲು ಅಮೆರಿಕದ ಫಿಲಡೆಲ್ಫಿಯಾ ಮೃಗಾಲಯಕ್ಕೆ ಸಲ್ಲಬೇಕು. ೧೮೭೪ರಲ್ಲಿ ಬಾಗಿಲು ತೆರೆದ ಆ ಮೃಗಾಲಯದಲ್ಲಿ ೧೯೦೧ರಿಂದ ಪೆನ್‌ರೋಸ್ ಎಂಬವರ ಪ್ರಯತ್ನದಿಂದ ಒಂದು ಪರಿಶೋಧನಾಲಯ ನಡೆಯತೊಡಗಿತು. ಸತ್ತ ಪ್ರತಿಯೊಂದು ಪ್ರಾಣಿಯನ್ನೂ ಅಲ್ಲಿ ಕೊಯ್ದು ನೋಡಿ ಬರೆದಿಟ್ಟರು. ಆ ದಾಖಲೆಗಳನ್ನು ಆಧಾರಮಾಡಿಕೊಂಡು ಹರ್ಬರ್ಟ್ ಫಾಕ್ಸ್ ಎಂಬ ವೈದ್ಯನು ೧೯೨೩ರಲ್ಲಿ ಬಂಧನದಲ್ಲಿರುವ ಪ್ರಾಣಿಪಕ್ಷಿಗಳ ರೋಗಗಳನ್ನು ಕುರಿತು ದೊಡ್ಡ ಗ್ರಂಥವನ್ನು ಬರೆದ. ೧೯೩೫ರಿಂದ ಈಚೆಗೆ ಹರ್ಬರ್ಟ್ ರ್‍ಯಾಟ್‌ಕ್ಲಿಫ್ ಎಂಬವನು ಪಡಿಯ ಕ್ರಮವನ್ನೇ ಬದಲಾಯಿಸಿದ. ಆತನ ವಿಚಾರಸರಣಿ ಹೀಗಿತ್ತು: ತಟ್ಟೆಯಲ್ಲಿ ಹತ್ತು ಪದಾರ್ಥಗಳಿದ್ದರೆ ಕೋತಿ ತನಗೆ ರುಚಿಯಾದ ಎರಡನ್ನು ತಿಂದು ಎಂಟನ್ನು ಎಸೆಯುತ್ತದೆ. ಹಾಕಿದವನ ಪುಸ್ತಕದಲ್ಲಿ ಹತ್ತೂ ಇರುತ್ತವೆ, ಕೋತಿಯ ಹೊಟ್ಟೆಯಲ್ಲಿ ಎರಡೇ. ಆದುದರಿಂದ ಧಾನ್ಯದ ಹಿಟ್ಟು, ಮಾಂಸ ಮೊದಲಾದವುಗಳನ್ನು ಲೆಕ್ಕದಂತೆ ಅರೆದು ಬೆರೆಸಿ, ಯಾವ ತುತ್ತನ್ನು ತಿಂದರೂ ಎಲ್ಲ ಅಂಶಗಳೂ ಸೇರುವಂತಹ ಒಂದೇ ಮಿಶ್ರಣವನ್ನು ಕೊಡಬೇಕು. ಮಕ್ಕಳಿಗೆ ಸೊಪ್ಪನ್ನು ಅನ್ನದಲ್ಲಿ ಮುಚ್ಚಿ ತಿನ್ನಿಸಿದ ತಾಯಂದಿರಿಗೆ ಈ ಉಪಾಯ ಹೊಸದಾಗಿ ತೋರಲಾರದು. ಇದರಿಂದ ಬಹಳ ಪ್ರಾಣಿಗಳ ಆಯುಸ್ಸು ಹೆಚ್ಚಿತು, ಇತರ ದೇಶಗಳ ಮೃಗಾಲಯಗಳೂ ಈ ಕ್ರಮವನ್ನು ಹಿಡಿದವು.

ಆದರೆ ಇದರಲ್ಲಿಯೂ ಲೋಪವಿತ್ತು. ಮೆತ್ತನೆಯ ಮಾಂಸದ ಉಂಡೆಯನ್ನೇ ತಿಂದ ಹುಲಿಗೆ ಒಸಡು ಕೆಡುತ್ತದೆ. ಎಲುಬು ಕಡಿಯುವುದು ಅದಕ್ಕೆ ಊಟವೂ ಹೌದು, ಹಲ್ಲುಜ್ಜುವ ಕಡ್ಡಿಯೂ ಹೌದು. ಇನ್ನು ಹೊತ್ತು ಕಳೆಯುವ ಪ್ರಶ್ನೆ. ಕಾಡಿನಲ್ಲಿ ದಿನದ ಬಹುಭಾಗ ಆಹಾರವನ್ನು ಹುಡುಕುವುದರಲ್ಲಿ ಕಳೆಯುವ ಪ್ರಾಣಿಗೆ ಎರಡು ನಿಮಿಷದಲ್ಲಿ ಊಟ ಮುಗಿದುಬಿಟ್ಟರೆ ಉಳಿದ ಹೊತ್ತಿನಲ್ಲಿ ಅದು ಏನು ಮಾಡಬೇಕು? ಕಂಬಿಯ ಹಿಂದೆ ಅತ್ತಿಂದಿತ್ತ ತಿರುಗಬೇಕು. ಸ್ವಿಟ್ಸರ್ಲೆಂಡಿನ ಹೈನಿ ಹೆಡಿಗರ್ ೧೯೪೨ರಲ್ಲಿ ಬರೆದ ಗ್ರಂಥದಿಂದ ಮೊದಲುಗೊಂಡು ಈ ವಿಷಯವನ್ನು ಎತ್ತಿ ಹೇಳುತ್ತ ಬಂದ. ಈಗ ಒಳ್ಳೆಯ ಮೃಗಾಲಯಗಳಲ್ಲಿ ಪಡಿಯ ಒಂದು ಭಾಗವನ್ನು ಬೇಕೆಂದೇ ಮರದ ಪೊಟರೆಯಲ್ಲಿ, ಹುಲ್ಲಿನ ರಾಶಿಯಲ್ಲಿ ಬಚ್ಚಿಡುತ್ತಾರೆ. ಏನನ್ನು, ಎಷ್ಟನ್ನು ಎಂಬುದರ ಜೊತೆಗೆ ಎಲ್ಲಿ, ಹೇಗೆ ಎಂಬುದೂ ಚೀಟಿಯಲ್ಲಿ ಸೇರಿತು.

ಈಗಿನ ಚೀಟಿಯಲ್ಲಿ ಬೇರೆ ಏನೇನು ಇರುತ್ತದೆಂಬುದನ್ನು ಒಂದೆರಡು ಉದಾಹರಣೆಗಳಿಂದ ಹೇಳಿ ಮುಂದೆ ಹೋಗುತ್ತೇನೆ. ಹೆಪ್ಪುಗಟ್ಟಿಸಿ ಇಟ್ಟ ಮೀನಿನಲ್ಲಿ ಥಯಮಿನ್ ಎಂಬ ಜೀವಸತ್ವ ಕ್ಷಯಿಸುತ್ತದೆ. ಆದುದರಿಂದ ಪೆಂಗ್ವಿನ್ ಹಕ್ಕಿಗೆ ಕೊಡುವ ಮೀನಿನ ಕಿವಿರಿನೊಳಗೆ ಗುಳಿಗೆಯನ್ನು ಸಿಕ್ಕಿಸಿ ಕೊಡುವುದುಂಟು. ದಕ್ಷಿಣ ಅಮೆರಿಕದ ಪುಟ್ಟ ಕೋತಿಗಳಿಗೆ ವಿಟಮಿನ್ 'ಡಿ'ಯಲ್ಲಿಯೂ ಪ್ರಾಣಿಮೂಲದ ಬಗೆಯೇ ಬೇಕು, ಸಸ್ಯಮೂಲದ್ದು ಮೈಗೆ ಹತ್ತುವುದಿಲ್ಲ. ನಮ್ಮ ಗೊರವಂಕದ ಬಳಗದ ಹಕ್ಕಿಗಳಿಗೆ ಕಬ್ಬಿಣದ ಅಂಶ ಹೆಚ್ಚಾದರೆ ಯಕೃತ್ತು ಕೆಡುತ್ತದೆ. ಫ್ಲೆಮಿಂಗೋ ಪಕ್ಷಿಯ ಕೆಂಬಣ್ಣ ಆಹಾರದಿಂದ ಬಂದದ್ದು. ಅದು ತಪ್ಪಿದರೆ ಹಕ್ಕಿ ಬೆಳ್ಳಗಾಗುತ್ತದೆ. ಇಂಗ್ಲೆಂಡಿನ ಪೇಯ್ನ್‌ಟನ್ ಮೃಗಾಲಯದವರು ೨೦೧೪ರಲ್ಲಿ ಕೋತಿಗಳಿಗೆ ಬಾಳೆಹಣ್ಣನ್ನೇ ನಿಲ್ಲಿಸಿಬಿಟ್ಟೆವೆಂದು ಪ್ರಕಟಿಸಿದರು. ಮನುಷ್ಯರು ತಮಗಾಗಿ ಬೆಳೆಸಿದ ಹಣ್ಣಿನಲ್ಲಿ ಕಾಡುಹಣ್ಣಿಗಿಂತ ಸಕ್ಕರೆ ಬಹಳ ಹೆಚ್ಚು, ಹಲ್ಲಿಗೂ ಮೈಗೂ ಕೆಟ್ಟದ್ದು ಎಂದು ಕಾರಣ. ಈ ಸುದ್ದಿಯನ್ನು ನಮ್ಮ ಚಾಮುಂಡಿಬೆಟ್ಟದ ಕೋತಿಗಳಿಗೆ ತಿಳಿಸುವ ಧೈರ್ಯ ಯಾರಿಗಿದೆಯೋ ನಾನರಿಯೆ.

ಮೈಸೂರಿನ ಮೃಗಾಲಯವನ್ನು ೧೮೯೨ರಲ್ಲಿ ಚಾಮರಾಜೇಂದ್ರ ಒಡೆಯರು ಸ್ಥಾಪಿಸಿದರು. ೧೯೦೯ರಲ್ಲಿ ಅದಕ್ಕೆ ಅವರ ಹೆಸರೇ ಬಂತು. ಆ ಹತ್ತಿರ ವಾಸಮಾಡಿದವರಿಗೆ ನಸುಕಿನಲ್ಲಿ ಕೇಳುವ ಸಿಂಹದ ದನಿ ಹೊಸದಲ್ಲ. ಭಾರತದ ಮೃಗಾಲಯಗಳೆಲ್ಲಕ್ಕೂ ಮೇಲ್ವಿಚಾರಣೆಗಾಗಿ ೧೯೯೨ರಲ್ಲಿ ಕೇಂದ್ರ ಪ್ರಾಧಿಕಾರವೊಂದು ಏರ್ಪಟ್ಟಮೇಲೆ, ಒಂದೊಂದು ಪ್ರಾಣಿಗೂ ಅದರದರ ಅಗತ್ಯದಂತೆ ಕಲಬೆರಕೆಯಿಲ್ಲದ ಆಹಾರವನ್ನು ಹೊತ್ತಿಗೆ ಸರಿಯಾಗಿ ಒದಗಿಸತಕ್ಕದ್ದೆಂಬುದು ಕಾನೂನೇ ಆಗಿದೆ. ವಿಧಾಪಾಚಕನು ಎರಡು ಸಾವಿರ ವರ್ಷಗಳ ಮೇಲೆ ಮತ್ತೆ ರಾಜಶಾಸನದೊಳಕ್ಕೆ ಬಂದನೆಂದು ಹೇಳಬಹುದು.

ಪಡಿ ನಿಂತುಹೋದರೆ ಏನಾಗುತ್ತದೆಂಬುದನ್ನೂ ಚರಿತ್ರೆ ಬರೆದಿಟ್ಟಿದೆ. ೧೮೭೦ರಲ್ಲಿ ಜರ್ಮನರು ಪ್ಯಾರಿಸ್ ನಗರವನ್ನು ಮುತ್ತಿದಾಗ ಪ್ರಾಣಿಗಳಿಗೆ ಹಾಕಲು ಮೇವಿಲ್ಲದೆ, ಊರಿನವರಿಗೆ ತಿನ್ನಲು ಮಾಂಸವಿಲ್ಲದೆ, ಕೊನೆಗೆ ಪ್ರಾಣಿಗಳನ್ನೇ ಕಟುಕರಿಗೆ ಮಾರಿದರು. ಕ್ಯಾಸ್ಟರ್, ಪಾಲಕ್ಸ್ ಎಂಬ ಎರಡು ಆನೆಗಳು ಆ ಡಿಸೆಂಬರಿನಲ್ಲಿ ಗುಂಡಿಗೆ ಬಲಿಯಾದವು.

ಟೋಕಿಯೋ ನಗರದ ಉಯೆನೋ ಮೃಗಾಲಯದಲ್ಲಿ ೧೯೪೩ರಲ್ಲಿ ನಡೆದದ್ದು ಇದಕ್ಕಿಂತ ಹೆಚ್ಚು ದುಃಖಕರವಾದುದು. ಬಾಂಬು ಬಿದ್ದು ಪಂಜರಗಳು ಒಡೆದರೆ ಕ್ರೂರಮೃಗಗಳು ಊರಿಗೆ ನುಗ್ಗಿಯಾವೆಂದು ಅವುಗಳನ್ನು ಕೊಲ್ಲುವಂತೆ ಆ ಆಗಸ್ಟಿನಲ್ಲಿ ನಗರದ ಗವರ್ನರನ ಆಜ್ಞೆಯಾಯಿತು. ಅಲ್ಲಿ ಮೂರು ಆನೆಗಳಿದ್ದವು: ೧೯೨೪ರಲ್ಲಿ ಭಾರತದಿಂದ ಹೋಗಿದ್ದ ಜಾನ್ ಮತ್ತು ಟೋಂಕಿ, ಸಯಾಮಿನಿಂದ ಬಂದಿದ್ದ ವಾನ್ರಿ. ವಿಷ ಬೆರೆಸಿದ ಆಲೂಗಡ್ಡೆಯನ್ನು ಒಳ್ಳೆಯ ಆಲೂಗಡ್ಡೆಗಳ ನಡುವೆ ಇಟ್ಟು ಕೊಟ್ಟರು. ಆನೆ ಒಳ್ಳೆಯದನ್ನು ತಿಂದು ಕೆಟ್ಟದ್ದನ್ನು ಬಿಟ್ಟಿತು. ಪಿಚಕಾರಿಯ ಸೂಜಿ ಚರ್ಮಕ್ಕೆ ಇಳಿಯಲಿಲ್ಲ. ಆಮೇಲೆ ಉಳಿದದ್ದು ಒಂದೇ ಉಪಾಯ, ಪಡಿಯನ್ನು ನಿಲ್ಲಿಸುವುದು. ಜಾನ್ ಆಗಸ್ಟ್ ೨೯ರಂದು ಸತ್ತಿತು. ಸೆಪ್ಟೆಂಬರ್ ೪ರಂದು ಸತ್ತ ಪ್ರಾಣಿಗಳ ಆತ್ಮಶಾಂತಿಗಾಗಿ ಮೃಗಾಲಯದಲ್ಲಿಯೇ ಸಾರ್ವಜನಿಕವಾಗಿ ಪೂಜೆ ನಡೆಯಿತು. ಆ ಹೊತ್ತಿಗೆ ಉಳಿದೆರಡು ಆನೆಗಳು ಇನ್ನೂ ಬದುಕಿಯೇ ಇದ್ದವು. ಅವುಗಳ ಮನೆಯನ್ನು ಬಟ್ಟೆಯ ತೆರೆಯಿಂದ ಮರೆಮಾಡಿದ್ದರು. ಕಾವಲುಗಾರರು ಕಣ್ಣಿಗೆ ಬಿದ್ದಾಗಲೆಲ್ಲ ಅವು ಹಿಂದೆ ಕಲಿತ ಆಟಗಳನ್ನು ಆಡಿ ತೋರಿಸುತ್ತಿದ್ದುವಂತೆ. ಆಟವಾಡಿದರೆ ಊಟ ಸಿಕ್ಕುತ್ತದೆಂಬುದೊಂದೇ ಅವುಗಳಿಗೆ ತಿಳಿದಿದ್ದದ್ದು. ವಾನ್ರಿ ಸೆಪ್ಟೆಂಬರ್ ೧೧ರಂದೂ ಟೋಂಕಿ ೨೩ರಂದೂ ಪ್ರಾಣ ಬಿಟ್ಟವು.

ಯುದ್ಧ ಮುಗಿದಮೇಲೆ ಟೋಕಿಯೋ ನಗರದ ಮಕ್ಕಳಿಗೆ ಆನೆಯನ್ನು ನೋಡುವ ಆಸೆಯಾಯಿತು. ನೂರಾರು ಮಕ್ಕಳು ಭಾರತದ ಪ್ರಧಾನಿ ಜವಾಹರಲಾಲ್ ನೆಹರೂ ಅವರಿ‌ಗೆ ಕಾಗದ ಬರೆದರು. ನೆಹರೂ ಅವರು ತಮ್ಮ ಮಗಳ ಹೆಸರಿಟ್ಟು ಕಳುಹಿಸಿದ ಹದಿನೈದು ವರ್ಷದ ಹೆಣ್ಣಾನೆ ಇಂದಿರಾ ೧೯೪೯ರ ಸೆಪ್ಟೆಂಬರಿನಲ್ಲಿ ಟೋಕಿಯೋ ಸೇರಿತು. ಅದು ಹೋದದ್ದು ನಮ್ಮ ಮೈಸೂರು ಸೀಮೆಯಿಂದ. ಅದಕ್ಕೆ ತಿಳಿಯುತ್ತಿದ್ದುದು ಕನ್ನಡ ಮಾತ್ರ. ಜೊತೆಯಲ್ಲಿ ಹೋದ ಇಲ್ಲಿಯ ಮಾವಟಿಗರು ಹಿಂದಿರುಗುವುದಕ್ಕೆ ಮೊದಲು ಉಯೆನೋ ಮೃಗಾಲಯದ ಕಾವಲುಗಾರರು ಅವರಿಂದ ಕನ್ನಡದ ಮಾತುಗಳನ್ನು ಕಲಿತುಕೊಳ್ಳಬೇಕಾಯಿತು. ಆರು ವರ್ಷಗಳ ಹಿಂದೆ ಮೂರು ಆನೆಗಳ ಪಡಿ ನಿಂತುಹೋಗಿದ್ದ ಮನೆಯಲ್ಲಿ ಮತ್ತೆ ಒಲೆ ಹೊತ್ತಿತು, ಮತ್ತೆ ಮೇವಿನ ಗಾಡಿ ಬಂತು. ಜಪಾನಿನವರ ಬಾಯಿಂದ ಬಂದ ಕನ್ನಡವನ್ನು ಕೇಳಿ ಇಂದಿರಾ ಸೊಂಡಿಲನ್ನು ಎತ್ತಿದಳು. ೧೯೮೩ರ ಆಗಸ್ಟಿನವರೆಗೆ ಅವಳು ಅಲ್ಲಿಯೇ ಬದುಕಿದ್ದಳು.